ಬೂಷ್ಟು ಹಿಡಿದ ಮನೆಯಲ್ಲಿ ನಾಯಿ, ಬೆಕ್ಕು, ಹಕ್ಕಿ: ಅಪಾಯ ಇರುವುದೆಲ್ಲಿ?

ಆರಿದ್ರಾ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಕಾರವಾರ, ಅಂಕೋಲಾ, ಕುಮಟಾದ ಮನೆಗಳಲ್ಲಿ ಚಪ್ಪಲಿ, ಬೆಲ್ಟು, ದೇವರ ಫೋಟೋದ ಹಿಂಬದಿ, ಕಪಾಟಿನ ಮೂಲೆ ಎಲ್ಲಕ್ಕೂ ಬೂದು ಹಸಿರಿನ ಪುಡಿ ಹತ್ತುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಅದು ಅಟ್ಟದ ಅಡಿಕೆ ಚೀಲವನ್ನೂ ಬಿಡುವುದಿಲ್ಲ. ಮನುಷ್ಯರಿಗೆ ಇದು ಪ್ರತಿ ವರ್ಷದ ಗೋಳು, ಒರೆಸಿ ಮುಂದೆ ಹೋಗುತ್ತಾರೆ. ಆದರೆ ಈಗ ಮನೆಯೊಳಗೇ ಮಲಗುವ ನಾಯಿ, ಪರ್ಶಿಯನ್ ಬೆಕ್ಕು, ಪಂಜರದ ಲವ್‌ಬರ್ಡ್ಸ್ ಕರಾವಳಿಯ ಪೇಟೆಗಳಲ್ಲಿ ಸಾಮಾನ್ಯವಾಗಿವೆ. ಹಾಗಾಗಿ ಹೊಸ ಪ್ರಶ್ನೆಯೊಂದು ಹುಟ್ಟಿದೆ: ಈ ಬೂಷ್ಟು ಅವುಗಳಿಗೆ ಏನು ಮಾಡುತ್ತದೆ?

ಈ ಪ್ರಶ್ನೆ ಬಂದಾಗ ಎಲ್ಲರ ಕಣ್ಣೂ ಗೋಡೆಯ ಕಡೆ ಹೋಗುತ್ತದೆ. ಅಲ್ಲೇ ತಪ್ಪುವುದು. ಸಾಕುಪ್ರಾಣಿಯ ಜೀವಕ್ಕೆ ಬರುವ ಅಪಾಯವನ್ನು ಸಾಲಾಗಿ ನಿಲ್ಲಿಸಿದರೆ ಮೊದಲು ನಿಲ್ಲುವುದು ಆಹಾರದ ಚೀಲ. ಅದರ ಹಿಂದೆ ಹಿತ್ತಲಿನ ಗೊಬ್ಬರಗುಂಡಿ. ಮೂರನೆಯದು ಬೂಷ್ಟು ತೆಗೆಯಲೆಂದು ನಾವೇ ತಂದಿಟ್ಟ ಬಾಟಲಿ ಮತ್ತು ಗುಳಿಗೆ. ಗೋಡೆಯ ಕಪ್ಪು ಕಲೆ ನಾಲ್ಕನೆಯದು. ಹಕ್ಕಿ ಸಾಕಿದವರಿಗೆ ಮಾತ್ರ ಈ ಲೆಕ್ಕ ಬೇರೆ, ಅದಕ್ಕೆ ಮುಂದೆ ಬರೋಣ.

ಚೀಲದೊಳಗಿನ ವಿಷ

ಶೇಂಗಾ, ಮೆಕ್ಕೆಜೋಳ, ಕೊಬ್ಬರಿ, ಅಕ್ಕಿಯ ನುಚ್ಚು, ಹಿಂಡಿ ಇವುಗಳ ಮೇಲೆ ಬೆಳೆಯುವ ಹಳದಿ ಹಸಿರು ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್. ಅದು ಬಿಡುವ ವಿಷ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ, ಅವಕ್ಕೆ ಹಾಕಿದ ಶೇಂಗಾ ಹಿಂಡಿಯನ್ನು ಹುಡುಕುತ್ತಾ ಹೋದವರಿಗೆ ಈ ವಿಷ ಸಿಕ್ಕಿತು. ನಮ್ಮ ದೇಶದ ಉದಾಹರಣೆ ಇನ್ನೂ ಕಹಿ. 1974ರ ಕೊನೆಗೆ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಭಾಗದ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು ಅವರ ಲಕ್ಷಣಗಳಾಗಿದ್ದವು. ಆ ಮನೆಗಳಲ್ಲಿ ಅದನ್ನೇ ತಿಂದ ನಾಯಿಗಳಿಗೂ ಅದೇ ಕಾಯಿಲೆ ಬಂತು. 2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ನಾಯಿಯ ಒಣ ಆಹಾರವೊಂದರಲ್ಲಿ ಇದೇ ವಿಷ ಮಿತಿಮೀರಿದ್ದು ಪತ್ತೆಯಾಗಿ, ಅದನ್ನು ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತವೆಂಬ ವರದಿಗಳು ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ ಬಂದವು. ಪ್ಯಾಕೆಟ್ಟಿನ ಆಹಾರ ಎಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ.

ಸಾಕುಪ್ರಾಣಿಗಳ ಆಹಾರಕ್ಕೆ ಅಲ್ಲಿರುವ ಮಿತಿ ಒಂದು ಕಿಲೋಗೆ 20 ಮೈಕ್ರೋಗ್ರಾಂ, ಅಂದರೆ ಒಂದು ಟನ್ ಆಹಾರದಲ್ಲಿ 20 ಮಿಲಿಗ್ರಾಂ. ಕಣ್ಣಿಗಾಗಲಿ ಮೂಗಿಗಾಗಲಿ ಸಿಗುವ ಪ್ರಮಾಣವೇ ಅಲ್ಲ. ನಾಯಿ ಹೆಚ್ಚು ತೊಂದರೆಗೆ ಸಿಕ್ಕುವುದಕ್ಕೆ ಎರಡು ಕಾರಣ. ಅದರ ಪಿತ್ತಜನಕಾಂಗ ಈ ವಿಷಕ್ಕೆ ಬೇಗ ಸೋಲುತ್ತದೆ. ಎರಡನೆಯದು, ನಾವು ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಇನ್ನೇನೋ ತಿಂದರೆ ನಾಯಿ ಒಂದೇ ಚೀಲದ ಆಹಾರವನ್ನು ತಿಂಗಳುಗಟ್ಟಲೆ ಎರಡು ಹೊತ್ತೂ ತಿನ್ನುತ್ತದೆ. ಚೀಲ ಕೆಟ್ಟಿದ್ದರೆ ಅದಕ್ಕೆ ಬೇರೆ ದಾರಿಯೇ ಇಲ್ಲ.

ಬೇಯಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೂಷ್ಟು ಬಂದ ನುಚ್ಚನ್ನು ತೊಳೆದು ಗಂಜಿ ಮಾಡಿ ನಾಯಿಗೆ ಹಾಕುವುದು, ಮುಗ್ಗಿದ ಶೇಂಗಾ ಹುರಿದು ಕೋಳಿಗೆ ಎಸೆಯುವುದು ದಿನವೂ ಕಾಣುವ ಸಂಗತಿ. ಕುದಿಯುವ ನೀರಿನ 100 ಡಿಗ್ರಿಗೆ ಬೂಷ್ಟಿನ ಜೀವ ಹೋಗುತ್ತದೆ, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಹಾಗೇ ಉಳಿಯುತ್ತದೆ. ಹುರಿದರೆ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗದು. ಬ್ರೆಡ್ಡಿನ ಒಂದು ಮೂಲೆಗೆ ಬಂದ ಹಸಿರನ್ನು ಕತ್ತರಿಸಿ ಉಳಿದದ್ದನ್ನು ನಾಯಿಗೆ ಹಾಕುವುದೂ ಅಷ್ಟೇ. ಕಾಣುವ ಹಸಿರು ಬೂಷ್ಟಿನ ಬೀಜ ಮಾತ್ರ, ಅದರ ಬೇರಿನಂಥ ಎಳೆಗಳು ಆಗಲೇ ಒಳಗೆ ಹರಡಿರುತ್ತವೆ. 'ನಾಯಿಗೆ ಅಲ್ಲವೇ' ಎಂಬ ಮಾತು ಅಡುಗೆಮನೆಯಲ್ಲಿ ಕೇಳಿದಾಗ ನಿಂತು ಯೋಚಿಸಬೇಕು. ಮನುಷ್ಯರು ತಿನ್ನಬಾರದ್ದನ್ನು ನಾಯಿಯೂ ತಿನ್ನಬಾರದು.

ಒಣ ಆಹಾರದ ಕಾಳಿನಲ್ಲಿ ಸುಮಾರು ಶೇ. 10ರಷ್ಟು ತೇವ ಇರುತ್ತದೆ. ಅದು 13, 14ಕ್ಕೆ ಏರಿದರೆ ಬೂಷ್ಟಿಗೆ ಬಾಗಿಲು ತೆರೆದಂತೆ. ಜುಲೈ ತಿಂಗಳ ಕಾರವಾರದ ಗಾಳಿಗೆ ಚೀಲದ ಬಾಯಿ ಬಿಚ್ಚಿಟ್ಟರೆ ಕೆಲವೇ ದಿನ ಸಾಕು. ಒಣಗಿದ ಕಾಳನ್ನು ಎರಡು ಬೆರಳಿನ ನಡುವೆ ಒತ್ತಿದರೆ ಚಟಕ್ಕನೆ ಒಡೆಯುತ್ತದೆ. ತೇವ ಕುಡಿದ ಕಾಳು ಬಗ್ಗಿ, ಮೆತ್ತಗಾಗಿ, ಆಮೇಲೆ ಪುಡಿಯಾಗುತ್ತದೆ. ಚೀಲದ ತಳದಲ್ಲಿ ಕಾಳುಗಳು ಒಂದಕ್ಕೊಂದು ಅಂಟಿ ಗಂಟಾಗಿದ್ದರೆ, ಮುಗ್ಗಲು ವಾಸನೆಯೊಂದಿಗೆ ಹಳೆ ಎಣ್ಣೆಯ ವಾಸನೆ ಬಂದರೆ ಆ ಚೀಲ ಮುಗಿಯಿತು ಎಂದು ತಿಳಿಯಿರಿ. ದಿನವೂ ಬೋಗುಣಿಗೆ ಓಡಿ ಬರುತ್ತಿದ್ದ ನಾಯಿ ಹೊಸ ಚೀಲ ತೆರೆದಂದಿನಿಂದ ಮೂಸಿ ಹಿಂದೆ ಸರಿಯುತ್ತಿದ್ದರೆ ಅದನ್ನು ಹಟ ಎಂದು ಬೈಯಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 10, 15 ಕಿಲೋದ ಚೀಲ ತರುವುದೇ ಬೇಡ. ಕಿಲೋಗೆ ಒಂದಿಷ್ಟು ಉಳಿಯುತ್ತದೆ ನಿಜ, ಆದರೆ ಮೂರು ವಾರದಲ್ಲಿ ಮುಗಿಯುವಷ್ಟು ಮಾತ್ರ ತರುವುದು ಲೇಸು. ಅಂಗಡಿಯಲ್ಲಿ ದೊಡ್ಡ ಚೀಲ ಬಿಚ್ಚಿಟ್ಟು ಅಳೆದು ಕೊಡುವ ಬಿಡಿ ಆಹಾರವನ್ನು ಮಳೆಗಾಲದಲ್ಲಂತೂ ಮುಟ್ಟಬಾರದು. ಅದು ಬಿಚ್ಚಿದ್ದು ಯಾವಾಗ ಎಂದು ಅಂಗಡಿಯವರಿಗೂ ನೆನಪಿರುವುದಿಲ್ಲ, ಬ್ಯಾಚ್ ನಂಬರೂ ಕೈಗೆ ಸಿಗುವುದಿಲ್ಲ. ತಂದ ಪ್ಯಾಕೆಟ್ಟನ್ನು ಹಾಗೆಯೇ ಬಾಯಿ ಮಡಚಿ ಕ್ಲಿಪ್ ಹಾಕಿ, ಬಿಗಿ ಮುಚ್ಚಳದ ತಗಡಿನ ಡಬ್ಬದೊಳಗೆ ಇಡಿ. ಪ್ಲಾಸ್ಟಿಕ್ ಡಬ್ಬಕ್ಕೆ ನೇರ ಸುರಿದರೆ ಕಾಳಿನ ಜಿಡ್ಡು ಡಬ್ಬದ ಒಳಬದಿಗೆ ಹತ್ತಿ ಕಮಟು ಹಿಡಿದು, ಮುಂದಿನ ಸಲದ ಆಹಾರವನ್ನೂ ಕೆಡಿಸುತ್ತದೆ. ಹಳೆಯದರ ಮೇಲೆ ಹೊಸದನ್ನು ಸುರಿಯುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಡಬ್ಬ ಖಾಲಿಯಾದಾಗ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿದ ಮೇಲೇ ಮತ್ತೆ ಬಳಸಬೇಕು. ಡಬ್ಬ ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರ ಇರಲಿ. ಬೋಗುಣಿಯಲ್ಲಿ ಉಳಿದದ್ದನ್ನು ಒಂದು ಗಂಟೆಯೊಳಗೆ ತೆಗೆಯಿರಿ. ನಾಯಿ ಸಂಜೆ ತಿಂದೀತು ಎಂದು ಜಗಲಿಯಲ್ಲೇ ಬಿಟ್ಟ ಕಾಳು ಸಂಜೆಯ ಹೊತ್ತಿಗೆ ಸ್ಪಂಜಿನಂತಾಗಿರುತ್ತದೆ.

ಲಕ್ಷಣ ಬರುವುದು ದಿನಗಳ, ಕೆಲವೊಮ್ಮೆ ವಾರಗಳ ನಂತರ. ಮೊದಲು ಊಟ ಬಿಡುತ್ತದೆ, ಮಂಕಾಗುತ್ತದೆ, ವಾಂತಿ ಮಾಡುತ್ತದೆ, ನೀರು ಹೆಚ್ಚು ಕುಡಿಯುತ್ತದೆ. ಆಮೇಲೆ ಮೂತ್ರ ಚಹಾದ ಬಣ್ಣಕ್ಕೆ ತಿರುಗುತ್ತದೆ, ಮಲ ಟಾರಿನಂತೆ ಕಪ್ಪಾಗುತ್ತದೆ. ತುಟಿ ಎತ್ತಿ ವಸಡು, ಕಣ್ಣಿನ ಬಿಳಿ ಭಾಗ, ಕಿವಿಯ ಒಳಬದಿ ನೋಡಬೇಕು. ಬಲ್ಬಿನ ಬೆಳಕಿನಲ್ಲಿ ಹಳದಿ ಮೋಸ ಮಾಡುತ್ತದೆ, ಜಗಲಿಗೆ ಕರೆತಂದು ಹಗಲು ಬೆಳಕಿನಲ್ಲಿ ನೋಡಿ. ವಸಡು ಹಳದಿಯಾಗಿದ್ದರೆ ನಾಳೆಗೆ ಕಾಯುವ ಮಾತಿಲ್ಲ.

ಇಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಒಂದು ತೊಡಕಿದೆ. ಮಳೆಗಾಲದಲ್ಲಿ ನಾಯಿಗೆ ಕಾಮಾಲೆ ತರುವುದರಲ್ಲಿ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಮತ್ತು ಉಣ್ಣಿಹುಳದ ಕಡಿತದಿಂದ ಬರುವ ಬಬೇಸಿಯಾ ಜ್ವರ ಮುಂದಿವೆ. ಹೊರಗಿನಿಂದ ನೋಡಿ ಮೂರನ್ನೂ ಬೇರೆ ಮಾಡಲಾಗದು. ರಕ್ತದಲ್ಲಿ ಪಿತ್ತಜನಕಾಂಗದ ಸ್ಥಿತಿ ತೋರುವ ಎಎಲ್‌ಟಿ, ಬಿಲಿರುಬಿನ್, ಜೊತೆಗೆ ಪ್ಲೇಟ್‌ಲೆಟ್, ಹೆಪ್ಪುಗಟ್ಟುವ ಸಮಯ ನೋಡಬೇಕು, ಬಬೇಸಿಯಾಕ್ಕೆ ರಕ್ತದ ಸ್ಲೈಡ್ ಬೇಕು. ಇಲಿಜ್ವರ ಮನುಷ್ಯರಿಗೂ ಹರಡುವುದರಿಂದ ಕಾರಣ ಗೊತ್ತಾಗುವವರೆಗೆ ಮೂತ್ರ ತೊಳೆಯುವಾಗ ಕೈಗವಸು ಕಡ್ಡಾಯ. ಆಸ್ಪತ್ರೆಗೆ ಹೋಗುವಾಗ ಆಹಾರದ ಪ್ಯಾಕೆಟ್ಟಿನ ಬ್ಯಾಚ್ ನಂಬರಿನ ಫೋಟೋ ಇರಲಿ. ಪರೀಕ್ಷೆಗೆ ಬೇಕಾದೀತೆಂದು ಅರ್ಧ ಕಿಲೋದಷ್ಟು ಆಹಾರವನ್ನು ಬೇರೆ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಡಿ, ಉಳಿದದ್ದನ್ನು ಬೇರೆ ಪ್ರಾಣಿಯ ಬಾಯಿಗೆ ಸಿಗದಂತೆ ಹೂಳಿ. ಅಫ್ಲಾಟಾಕ್ಸಿನ್‌ಗೆ ಪ್ರತಿವಿಷ ಇಲ್ಲ. ಡ್ರಿಪ್, ವಿಟಮಿನ್ ಕೆ, ಪಿತ್ತಜನಕಾಂಗವನ್ನು ಕಾಯುವ ಔಷಧಗಳು, ಇವಿಷ್ಟೇ. ಬೇಗ ಹೋದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು.

ಗೊಬ್ಬರಗುಂಡಿಯ ನಡುಕ

ಕೊಳೆಯುತ್ತಿರುವ ಅನ್ನ, ಬ್ರೆಡ್ಡು, ಚೀಸು, ಕಾಯಿಚೂರು, ಮೀನಿನ ತ್ಯಾಜ್ಯದ ರಾಶಿಯ ಮೇಲೆ ಬೇರೆ ಜಾತಿಯ ಬೂಷ್ಟು ಬರುತ್ತದೆ, ಪೆನಿಸಿಲಿಯಮ್ ಗುಂಪಿನದು. ಇವುಗಳಲ್ಲಿ ಕೆಲವು, ಮುಖ್ಯವಾಗಿ ಪೆನಿಸಿಲಿಯಮ್ ಕ್ರಸ್ಟೋಸಮ್, ಪೆನಿಟ್ರೆಮ್ ಎಂಬ ನರವಿಷ ಮಾಡುತ್ತವೆ. ಇದು ಅಫ್ಲಾಟಾಕ್ಸಿನ್‌ನಂತೆ ವಾರ ಕಾಯುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ನಾಯಿ ಏದುಸಿರು ಬಿಡುತ್ತದೆ, ವಾಂತಿ ಮಾಡುತ್ತದೆ, ಕಾಲು ಸೆಟೆದು ಮೈಯೆಲ್ಲ ನಡುಗುತ್ತದೆ. ಚಪ್ಪಾಳೆ ತಟ್ಟಿದರೂ ಬೆಚ್ಚಿ ಬೀಳುತ್ತದೆ. ಕೊನೆಗೆ ಫಿಟ್ಸ್. ನಡುಗಿ ನಡುಗಿ ಮೈ ಬಿಸಿ ಏರುವುದರಿಂದಲೇ ಸಾವು ಬರಬಹುದು.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ. ಕತ್ತಲೆ ಕೋಣೆಯಲ್ಲಿ ಸದ್ದಿಲ್ಲದಂತೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ ವೈದ್ಯರಿಗೆ ಫೋನ್ ಮಾಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆ ಉಪಾಯ ಅಪಾಯಕಾರಿ. ಉಪ್ಪೇ ವಿಷವಾಗುತ್ತದೆ, ನಡುಗುತ್ತಿರುವ ನಾಯಿಯ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ವೈದ್ಯರು ಸ್ನಾಯು ಸಡಿಲಿಸುವ ಔಷಧ, ಡಯಾಜೆಪಾಮ್, ಡ್ರಿಪ್ ಕೊಟ್ಟರೆ ಹೆಚ್ಚಿನವು ಒಂದೆರಡು ದಿನದಲ್ಲಿ ಎದ್ದು ಕೂರುತ್ತವೆ. ಆದರೆ ತೋಟದ ಮನೆಯಾದರೆ ಒಂದು ವಿಷಯ ಮರೆಯದೆ ಹೇಳಿ: ಬಸವನಹುಳಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ತಿಂದರೂ ಇದೇ ನಡುಕ, ಇದೇ ಜ್ವರ ಬರುತ್ತದೆ. ಗುಂಡಿಯಲ್ಲಿ ತಿಂದಿತೋ, ತೋಟದಲ್ಲಿ ತಿಂದಿತೋ ಎಂಬುದು ವೈದ್ಯರಿಗೆ ಬೇಕು.

ಗುಂಡಿಗೆ ಮೂರಡಿ ಎತ್ತರದ ಜಾಲರಿ ಕಟ್ಟಿ. ಅಡುಗೆಮನೆಯ ಕಸ ಹಾಕಿದ ಪ್ರತಿ ಸಲ ಮೇಲೆ ನಾಲ್ಕು ಬೆರಳು ದಪ್ಪ ದರಕು ಇಲ್ಲವೇ ಮಣ್ಣು ಮುಚ್ಚಿ. ಮೀನಿನ ತ್ಯಾಜ್ಯ ಗುಂಡಿಗೆ ಬೇಡ, ತೆಂಗಿನ ಬುಡದಲ್ಲಿ ಒಂದೂವರೆ ಅಡಿ ಆಳಕ್ಕೆ ಹೂತರೆ ನಾಯಿ ಸಾಮಾನ್ಯವಾಗಿ ಕೆದಕುವುದಿಲ್ಲ.

ರೋಗಕ್ಕಿಂತ ಮದ್ದು ಕೆಟ್ಟದ್ದಾಗುವ ಬಗೆ

ಮುಗ್ಗಲು ವಾಸನೆಗೆ ಕಪಾಟಿನಲ್ಲಿ ಇಡುವ ನುಸಿಗುಳಿಗೆಗಳಲ್ಲಿ ಹಲವು ನಾಫ್ತಲೀನ್. ಬೆಕ್ಕು, ನಾಯಿಮರಿ ಅದನ್ನು ಚೆಂಡಿನಂತೆ ಉರುಳಿಸಿ ಆಡಿ ನುಂಗುತ್ತವೆ. ಒಂದೇ ಗುಳಿಗೆ ಸಾಕು, ರಕ್ತದ ಕೆಂಪು ಕಣಗಳು ಒಡೆಯುತ್ತವೆ, ಪಿತ್ತಜನಕಾಂಗಕ್ಕೂ ಪೆಟ್ಟು ಬೀಳುತ್ತದೆ. ಅದರ ಬದಲು ಕರ್ಪೂರ ಇಡುವವರಿದ್ದಾರೆ, ಅದನ್ನು ತಿಂದರೆ ಫಿಟ್ಸ್ ಬರುತ್ತದೆ.

ಬೆಕ್ಕಿಗೆ ಇನ್ನೊಂದು ದೊಡ್ಡ ಶತ್ರು ಫಿನೈಲ್. ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ನೆಲದ ದ್ರಾವಣಗಳಲ್ಲಿ ಫೀನಾಲ್ ಜಾತಿಯ ರಾಸಾಯನಿಕ ಅಥವಾ ಪೈನ್ ಎಣ್ಣೆ ಇರುತ್ತದೆ. ಇಂಥವನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಪಿತ್ತಜನಕಾಂಗದಲ್ಲಿ ತೀರಾ ಕಡಿಮೆ. ಅದು ಒದ್ದೆ ನೆಲದ ಮೇಲೆ ನಡೆದು ಆಮೇಲೆ ಕೂತು ಪಾದ ನೆಕ್ಕುತ್ತದೆ. ಬೆಕ್ಕಿನ ಮೈಗೆ ಬಿದ್ದದ್ದೆಲ್ಲ ಸಂಜೆಯೊಳಗೆ ಅದರ ಹೊಟ್ಟೆಯಲ್ಲಿರುತ್ತದೆ ಎಂಬುದನ್ನು ನೆನಪಿಟ್ಟರೆ ಅರ್ಧ ಅನಾಹುತ ತಪ್ಪುತ್ತದೆ. 'ನೈಸರ್ಗಿಕ' ಎಂದು ಮಾರುವ ಟೀ ಟ್ರೀ ಎಣ್ಣೆಯೂ ಇದೇ ಕಾರಣಕ್ಕೆ ಬೆಕ್ಕಿಗೆ ವಿಷ.

ಬ್ಲೀಚ್ ಬಗ್ಗೆ ಎರಡು ಮಾತು. ಟೈಲ್ಸ್, ಗಾಜು, ಸಿಂಕಿನಂಥ ನುಣುಪು ಜಾಗಕ್ಕೆ ಅದು ಸರಿ: ಒಂದು ಲೀಟರ್ ನೀರಿಗೆ 60 ಮಿ.ಲೀ. ಸಾಮಾನ್ಯ ಮನೆ ಬ್ಲೀಚ್, ಹತ್ತು ನಿಮಿಷ ಬಿಟ್ಟು ನೀರಿನಲ್ಲಿ ತೊಳೆಯುವುದು. ಚಿರೆಕಲ್ಲಿನ ಗೋಡೆ, ಸುಣ್ಣದ ಗಾರೆಗೆ ಹಚ್ಚಿದರೆ ಮೇಲಿನ ಕಪ್ಪು ಬಿಳಿಚುತ್ತದೆ, ಒಳಗಿನ ಎಳೆ ಉಳಿಯುತ್ತದೆ, ಬ್ಲೀಚಿನ ನೀರು ಗೋಡೆಗೆ ಇನ್ನಷ್ಟು ತೇವ ಕುಡಿಸುತ್ತದೆ. ಹದಿನೈದು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಕಲೆ. ಟಾಯ್ಲೆಟ್ಟಿನ ಆಸಿಡ್ ಜೊತೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆಂದು ಹಲವರಿಗೆ ಗೊತ್ತು. ಬೆಕ್ಕು ಮೂತ್ರ ಮಾಡಿದ ಮೂಲೆಗೆ ನೇರ ಬ್ಲೀಚ್ ಸುರಿದರೂ ಅದರ ಅಮೋನಿಯಾದಿಂದ ಕ್ಲೋರಮೀನ್ ಎಂಬ ಉಸಿರು ಕಟ್ಟಿಸುವ ಅನಿಲ ಹುಟ್ಟುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೊದಲು ಆ ಜಾಗವನ್ನು ಸೋಪುನೀರಿನಲ್ಲಿ ತೊಳೆಯಬೇಕು.

ಶಿರಸಿಯ ಕಡೆಗೆ ಇನ್ನೊಂದು ಎಚ್ಚರಿಕೆ. ಕೊಳೆರೋಗಕ್ಕೆ ತಂದ ಮೈಲುತುತ್ತ ಮನೆಯಲ್ಲಿ ಉಳಿದಿರುತ್ತದೆ, ಅಡಿಕೆಯ ಕೊಳೆಗೆ ಆಗುವುದು ಗೋಡೆಯ ಬೂಷ್ಟಿಗೂ ಆದೀತು ಎನಿಸುತ್ತದೆ. ಆ ಪ್ರಯೋಗ ಬೇಡ. ನೀಲಿ ಹರಳು ನೆಕ್ಕಿದ ಪ್ರಾಣಿಗೆ ವಾಂತಿ, ಪಿತ್ತಜನಕಾಂಗದ ತೊಂದರೆ ಬರಬಹುದು.

ಹಾಗಾದರೆ ಗೋಡೆ?

ಗೋಡೆಯ ಬೂಷ್ಟಿನಿಂದ ನಾಯಿ ಬೆಕ್ಕುಗಳಿಗೆ ಮುಖ್ಯವಾಗಿ ಆಗುವುದು ಅಲರ್ಜಿ. ನಮಗೆ ಬೂಷ್ಟಿನಿಂದ ಸೀನು ಬಂದರೆ ನಾಯಿಗೆ ತುರಿಕೆ ಬರುತ್ತದೆ. ಪಾದ ನೆಕ್ಕಿ ನೆಕ್ಕಿ ಬಿಳಿ ರೋಮ ಕಂದಾಗುತ್ತದೆ, ಕಂಕುಳು, ಹೊಟ್ಟೆ ಕೆಂಪಾಗುತ್ತವೆ, ಕಿವಿ ಮತ್ತೆ ಮತ್ತೆ ಸೋರುತ್ತದೆ. ಇದರಲ್ಲಿ ಬೂಷ್ಟಿನ ಪಾಲೆಷ್ಟು, ಅದೇ ತೇವದಲ್ಲಿ ಬೆಳೆಯುವ ಧೂಳಿನ ನುಸಿಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ, ಬಿಡಿಸುವ ಅಗತ್ಯವೂ ಇಲ್ಲ. ತೇವ ಇಳಿದರೆ ಎರಡೂ ಇಳಿಯುತ್ತವೆ. ಬೆಕ್ಕಿಗೆ ಆಸ್ತಮಾ ಇದ್ದರೆ ಮುಗ್ಗಲು ಕೋಣೆಯಲ್ಲಿ ಅದು ಕೆರಳುತ್ತದೆ: ಕುತ್ತಿಗೆ ಮುಂದೆ ಚಾಚಿ ನೆಲಕ್ಕೆ ಕುಕ್ಕರಿಸಿ ಕೆಮ್ಮುತ್ತದೆ. ರೋಮದ ಉಂಡೆ ಸಿಕ್ಕಿಕೊಂಡಿದೆ ಎಂದು ತಪ್ಪು ತಿಳಿಯುವುದು ಹೆಚ್ಚು.

ಜರ್ಮನ್ ಶೆಫರ್ಡ್‌ನಂಥ ಉದ್ದ ಮೂಗಿನ ನಾಯಿಗಳಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಮೂಗಿನೊಳಗೇ ಮನೆ ಮಾಡುವುದುಂಟು. ಒಂದೇ ಹೊಳ್ಳೆಯಿಂದ ವಾರಗಟ್ಟಲೆ ಕೀವಿನಂಥ ಸಿಂಬಳ, ನಡುವೆ ರಕ್ತ, ಹೊಳ್ಳೆಯ ಅಂಚಿನ ಕಪ್ಪು ಮಾಸಿ ಹುಣ್ಣಾಗುವುದು ಅದರ ಗುರುತು. ಆಂಟಿಬಯೋಟಿಕ್ ಕೊಟ್ಟಾಗ ತುಸು ಕಡಿಮೆಯಾದಂತೆ ಕಂಡು ಮತ್ತೆ ಬರುತ್ತದೆ. ಇದು ಅಪರೂಪ.

ಜಾಲತಾಣಗಳಲ್ಲಿ ಹೆದರಿಸುವ 'ವಿಷಕಾರಿ ಕಪ್ಪು ಬೂಷ್ಟು' ಸ್ಟಾಕಿಬೊಟ್ರಿಸ್ ಬಗ್ಗೆ ಪ್ರಾಣಿಗಳ ವಿಷಯದಲ್ಲಿ ಗಟ್ಟಿ ಆಧಾರ ತೀರಾ ಕಡಿಮೆ. ಹೆಚ್ಚು ಉಲ್ಲೇಖವಾಗುವುದು 2007ರಲ್ಲಿ ಅಮೆರಿಕದ ಪಶುವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಬಂದ ವರದಿ. ಬೂಷ್ಟು ತುಂಬಿದ ಮನೆಯ ಎರಡು ಬೆಕ್ಕುಗಳಿಗೆ ಅರಿವಳಿಕೆ ಕೊಟ್ಟಾಗ ಶ್ವಾಸಕೋಶದಲ್ಲಿ ರಕ್ತಸ್ರಾವವಾಯಿತು. ಎರಡೇ ಬೆಕ್ಕು. ಕಪ್ಪಗಿದ್ದದ್ದೆಲ್ಲ ಸ್ಟಾಕಿಬೊಟ್ರಿಸ್ ಅಲ್ಲ, ನಮ್ಮ ಗೋಡೆಯ ಕಪ್ಪು ಕಲೆ ಕ್ಲಾಡೊಸ್ಪೋರಿಯಮ್‌ನಂಥ ಸಾಮಾನ್ಯ ಜಾತಿಯದೂ ಆಗಿರಬಹುದು, ಕಣ್ಣಲ್ಲಿ ನೋಡಿ ಹೇಳಲಾಗದು. ಆದರೂ ಮಳೆಗಾಲದಲ್ಲಿ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವವರು ಮನೆಯಲ್ಲಿ ಬೂಷ್ಟು ಜೋರಾಗಿದ್ದರೆ ವೈದ್ಯರಿಗೆ ತಿಳಿಸುವುದರಲ್ಲಿ ನಷ್ಟವೇನಿಲ್ಲ.

ಮೈಮೇಲೆ ದುಂಡಗೆ ರೋಮ ಉದುರಿ ಹೊಪ್ಪಳೆ ಏಳುವ ಹುಳುಕಡ್ಡಿಯನ್ನು ಗೋಡೆಯ ಬೂಷ್ಟು ತಂದದ್ದಲ್ಲ. ಅದು ಬೇರೆ ಶಿಲೀಂಧ್ರ, ಪ್ರಾಣಿಯಿಂದ ಪ್ರಾಣಿಗೆ, ಪ್ರಾಣಿಯಿಂದ ಮಕ್ಕಳಿಗೆ ಹರಡುತ್ತದೆ. ಮೆಡಿಕಲ್ ಅಂಗಡಿಯ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಮೊದಲು ತುರಿಕೆ ನಿಂತು ಆಮೇಲೆ ಇನ್ನಷ್ಟು ಹಬ್ಬುತ್ತದೆ.

ಹಕ್ಕಿಯ ಲೆಕ್ಕ ಬೇರೆ

ಹಕ್ಕಿಗೆ ಶ್ವಾಸಕೋಶದ ಜೊತೆ ಮೈತುಂಬ ಗಾಳಿಚೀಲಗಳಿವೆ. ಉಸಿರಿನೊಂದಿಗೆ ಹೋದ ಬೂಷ್ಟಿನ ಬೀಜ ಆ ಚೀಲದ ಬೆಚ್ಚನೆಯ ಗೋಡೆಗೆ ಕೂತು, ಬ್ರೆಡ್ಡಿನ ಮೇಲೆ ಬೆಳೆದಂತೆಯೇ ಬೆಳೆಯುತ್ತದೆ. ಇದೇ ಆಸ್ಪರ್ಜಿಲೋಸಿಸ್. ಕೋಳಿಮರಿಗಳಲ್ಲಿ ಇದಕ್ಕೆ ಬ್ರೂಡರ್ ನ್ಯುಮೋನಿಯಾ ಎನ್ನುತ್ತಾರೆ. ಒದ್ದೆಯಾದ ಭತ್ತದ ಹೊಟ್ಟು, ಮರದ ಪುಡಿ ಹಾಸಿದಲ್ಲಿ ವಾರದೊಳಗೆ ಮರಿಗಳು ಬಾಯಿ ತೆರೆದು ಉಸಿರಾಡುತ್ತಾ ಸಾಲಾಗಿ ಸಾಯುತ್ತವೆ. ಪಂಜರದ ಹಕ್ಕಿಯಲ್ಲಿ ಲಕ್ಷಣ ತಡ: ದನಿ ಬದಲಾಗುತ್ತದೆ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತದೆ. ಇಷ್ಟು ಕಾಣುವ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತದೆ.

ಹಾಗಾಗಿ ಪಂಜರವನ್ನು ಬೂಷ್ಟು ಬಂದ ಗೋಡೆಗೆ ತಾಗಿಸಿ ಇಡಲೇಬಾರದು. ತಳದ ಕಾಗದವನ್ನು ಮಳೆಗಾಲದಲ್ಲಿ ದಿನವೂ ಬದಲಿಸಿ. ಸಿಪ್ಪೆಯಿರುವ ಶೇಂಗಾ, ಹಳೆ ಸೂರ್ಯಕಾಂತಿ ಬೀಜ ಬೇಡ. ಲೋಬಾನದ ಹೊಗೆ ಹಾಕುವಾಗ ಪಂಜರ ಮನೆಯ ಇನ್ನೊಂದು ತುದಿಯಲ್ಲಿರಲಿ. (ಇದು ಲವ್‌ಬರ್ಡ್ಸ್, ಕಾಕಟೀಲ್‌ನಂಥವುಗಳ ಮಾತು. ನಮ್ಮ ಕಾಡಿನ ಗಿಳಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.)

ಬೆಂಕಿ ಕಳೆದುಕೊಂಡ ಮನೆ

ಹಳೆಯ ಮನೆಗಳಲ್ಲೂ ಮಳೆ ಇಷ್ಟೇ ಇತ್ತು. ಆದರೆ ಬಚ್ಚಲ ಒಲೆ, ಅಡುಗೆ ಒಲೆ ದಿನವಿಡೀ ಉರಿಯುತ್ತಿದ್ದವು, ಹಂಚಿನ ಸಂದಿಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತಿತ್ತು. ಈಗ ಗ್ಯಾಸು, ಗೀಸರು, ಸ್ಲ್ಯಾಬು, ಬಿಗಿಯಾಗಿ ಮುಚ್ಚುವ ಸ್ಲೈಡಿಂಗ್ ಕಿಟಕಿ. ಚಿರೆಕಲ್ಲು ನೆಲದಿಂದ ನೀರು ಹೀರುವುದನ್ನು ಮಾತ್ರ ನಿಲ್ಲಿಸಿಲ್ಲ. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವ ಹೊರಬರಲಾಗದೆ ಬಣ್ಣ ಗುಳ್ಳೆಯೇಳುತ್ತದೆ, ಗುಳ್ಳೆಯ ಹಿಂದೆ ಬೂಷ್ಟು. ತೇವ ಏರುವುದು ನೆಲದಿಂದ ಎರಡು ಮೂರು ಅಡಿ. ನಾಯಿಯ ಮೂಗು ಇರುವುದೂ, ಅದು ಬೆನ್ನು ತಾಗಿಸಿ ಮಲಗುವುದೂ ಅಷ್ಟೇ ಎತ್ತರದಲ್ಲಿ.

'ಕಿಟಕಿ ತೆರೆದಿಡಿ' ಎಂಬ ಸಲಹೆ ಜುಲೈನಲ್ಲಿ ಅರ್ಧ ಸತ್ಯ. ಹೊರಗೆ 26 ಡಿಗ್ರಿ, ಶೇ. 90 ತೇವಾಂಶ ಇರುವಾಗ ಒಳಬರುವ ಗಾಳಿಯೂ ಒದ್ದೆಯೇ. ಅದೇ ಗಾಳಿಯನ್ನು 31 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇ. 67ರ ಹತ್ತಿರ ಇಳಿಯುತ್ತದೆ. ಬಚ್ಚಲ ಒಲೆ ಮಾಡುತ್ತಿದ್ದದ್ದು ಇದನ್ನೇ. ಬೂಷ್ಟು ತಡೆಯಲು ಒಳಗಿನ ತೇವಾಂಶ 60ರ ಕೆಳಗೆ ಇರಬೇಕು. ಮನೆಯಿಡೀ ಸಾಧ್ಯವಿಲ್ಲ, ಪ್ರಾಣಿ ಮಲಗುವ ಮತ್ತು ಆಹಾರ ಇಡುವ ಒಂದು ಕೋಣೆಯನ್ನಾದರೂ ಆರಿಸಿಕೊಳ್ಳಿ. ತೇವಾಂಶ ಅಳೆಯುವ, ಕೆಲವು ನೂರು ರೂಪಾಯಿಯ ಹೈಗ್ರೋಮೀಟರ್ ಇಟ್ಟು, ಬಾಗಿಲು ಕಿಟಕಿ ಮುಚ್ಚಿ, ದಿನಕ್ಕೆ 10, 12 ಲೀಟರ್ ನೀರು ತೆಗೆಯುವ ಡಿಹ್ಯೂಮಿಡಿಫೈಯರ್ ಅಥವಾ ಎ.ಸಿ.ಯ ಡ್ರೈ ಮೋಡ್ ಕೆಲವು ಗಂಟೆ ಓಡಿಸಿ. ಮಳೆ ಬಿಟ್ಟು ಬಿಸಿಲು ಬಂದ ಮಧ್ಯಾಹ್ನ ಮಾತ್ರ ಕಿಟಕಿ ತೆರೆಯಿರಿ.

ತೇವ ಎಲ್ಲಿಂದ ಬರುತ್ತಿದೆ ಎಂದು ನೋಡಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪು ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಗೋಡೆಯ ಬದಿ ಬೆವರಿದ್ದರೆ ನೀರು ಗೋಡೆಯೊಳಗಿನದು, ಕೋಣೆಯ ಬದಿ ಬೆವರಿದ್ದರೆ ಗಾಳಿಯದು. ಗಾಳಿಯದಾದರೆ ಕಪಾಟು, ಮಂಚಗಳನ್ನು ಗೋಡೆಯಿಂದ ನಾಲ್ಕು ಇಂಚು ಈಚೆ ಎಳೆದರೇ ಎಷ್ಟೋ ವಾಸಿ.

ಬೂಷ್ಟು ಒರೆಸುವ ದಿನ ಪ್ರಾಣಿಗಳನ್ನು ಬೇರೆ ಕೋಣೆಗೆ, ಹಕ್ಕಿಯನ್ನು ಸಾಧ್ಯವಾದರೆ ಬೇರೆ ಮನೆಗೆ ಕಳಿಸಿ. ಫ್ಯಾನ್ ಆರಿಸಿ. ಒಣ ಬ್ರಶ್ಶಿನಿಂದ ಉಜ್ಜಿದರೆ ಲಕ್ಷಾಂತರ ಬೀಜ ಗಾಳಿಗೆ ಹಾರುತ್ತವೆ, ಆದ್ದರಿಂದ ಮೊದಲು ಸ್ಪ್ರೇ ಬಾಟಲಿಯಿಂದ ತೋಯಿಸಿ. ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬಟ್ಟೆ ಸೋಪಿನ ಪುಡಿ, ಎನ್95 ಮಾಸ್ಕು, ಕೈಗವಸು, ಹಳೆ ಬಟ್ಟೆ. ಒರೆಸಿದ ಬಟ್ಟೆಯನ್ನು ಅದೇ ಬಕೆಟ್ಟಿಗೆ ಅದ್ದಬೇಡಿ, ಎಸೆದು ಹೊಸದು ತೆಗೆದುಕೊಳ್ಳಿ. ಕೊನೆಗೆ ಬರೀ ನೀರಿನಲ್ಲಿ ಒರೆಸಿ, ಗೋಡೆ ಒಣಗಿದ ಮೇಲೆ ಪ್ರಾಣಿಯನ್ನು ಒಳಗೆ ಬಿಡಿ.

ಹೆಚ್ಚಿನ ಮನೆಗಳಲ್ಲಿ ಮರೆತುಹೋಗುವುದು ನಾಯಿಯ ಹಾಸು. ಅದು ಗೋಣಿಚೀಲವೇ ಆಗಿರುತ್ತದೆ, ಜಗಲಿಯ ಮೂಲೆಯಲ್ಲಿ ಜೂನ್‌ನಿಂದ ಬಿದ್ದಿರುತ್ತದೆ. ಒಮ್ಮೆ ಮಗುಚಿ ನೋಡಿ: ಮೇಲೆ ಬೆಚ್ಚಗೆ, ಕೆಳಗೆ ನೆಲಕ್ಕೆ ತಾಗಿದಲ್ಲಿ ನಾರಿನ ಸಂದಿಯಲ್ಲೆಲ್ಲ ಬಿಳಿ ನೂಲು, ಅಲ್ಲಲ್ಲಿ ಕಪ್ಪು ಚುಕ್ಕೆ. ನಾಯಿ ದಿನಕ್ಕೆ ಹನ್ನೆರಡು ಗಂಟೆ ಮೂಗಿಡುವುದು ಇದರ ಮೇಲೆ. ಎರಡು ಚೀಲ ಇಟ್ಟುಕೊಂಡು ವಾರಕ್ಕೊಮ್ಮೆ ಬದಲಿಸಿ, ಬಿಚ್ಚಿದ್ದನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಕುದಿಸಿ ಒಲೆಯ ಬಳಿ ಪೂರ್ತಿ ಒಣಗಿಸಿ. ಕೆಳಗೆ ಸಂದಿಯಿರುವ ಹಲಗೆಯ ಮಣೆ ಇದ್ದರೆ ಗಾಳಿಯಾಡುತ್ತದೆ. 2019ರ ಆಗಸ್ಟಿನಂತೆ ಕಾಳಿ, ಗಂಗಾವಳಿ ಉಕ್ಕಿ ಮನೆಗೆ ನೀರು ನುಗ್ಗಿದರೆ ಮಾತು ಬೇರೆ. ಒದ್ದೆಯಾದ ಹಾಸಿಗೆ, ನಾರಿನ ಚಾಪೆ, ರಟ್ಟಿನ ಪೆಟ್ಟಿಗೆ, ತೆರೆದ ಆಹಾರ ಒಂದನ್ನೂ ಉಳಿಸಿಕೊಳ್ಳಬೇಡಿ. ಒದ್ದೆ ವಸ್ತುವಿನ ಮೇಲೆ ಬೂಷ್ಟು ಏಳಲು 24ರಿಂದ 48 ಗಂಟೆ ಸಾಕು.

ಗೋಡೆಯ ನಿಜವಾದ ಕೆಲಸ ಮಳೆಗಾಲದ್ದಲ್ಲ, ಫೆಬ್ರುವರಿ, ಮಾರ್ಚಿನದು. ಗುಳ್ಳೆಯೆದ್ದ ಎಮಲ್ಷನ್ ಕೆರೆದು, ಕಲ್ಲನ್ನು ತಿಂಗಳು ಒಣಗಲು ಬಿಟ್ಟು, ಮೂರು ಕೈ ಸುಣ್ಣ ಬಳಿಯಬೇಕು. ಸುಣ್ಣದ ಕ್ಷಾರಕ್ಕೆ ಬೂಷ್ಟು ಸುಲಭಕ್ಕೆ ಏಳುವುದಿಲ್ಲ, ಕಲ್ಲಿಗೆ ಉಸಿರಾಡಲೂ ಬಿಡುತ್ತದೆ. ಹಸಿ ಸುಣ್ಣ ನಾಲಿಗೆ, ಕಣ್ಣು ಸುಡುತ್ತದೆ. ಬಳಿದ ಮೇಲೆ ಮೂರು ನಾಲ್ಕು ದಿನ, ಕೈ ಸವರಿದರೆ ತಣ್ಣಗಿನ ತೇವ ತಾಗದಷ್ಟು ಒಣಗುವವರೆಗೆ, ನಾಯಿ ಬೆಕ್ಕುಗಳ ವಾಸ ಜಗಲಿಯಲ್ಲಿ.